ಮ್ಹಣಜೇ ಕಾಯ?

ನಿಗಡಿ, ಪುಣೆ
೮ ಜುಲೈ ೨೦೨೫

‘ಹೀಗ್ಯಾಕ?’ ಅಂಕಣದ ಪ್ರಲ್ಹಾದ ಹುದ್ದಾರ ಅವರಿಗೆ ನಮಸ್ಕಾರ.

ಕನ್ನಡ ಸಂಘದ ಮಾಸಿಕ ಪ್ರತಿ ತಿಂಗಳು ನಮ್ಮ ಹೋಟೆಲಿನ ಗಲ್ಲಾದ ಮೇಲೆ ಬಂದು ಬೀಳುತ್ತದೆ. ಅತ್ತೆ ಮದುವೆಯ ಜಾಹೀರಾತು ನೋಡಿ ಇಡುತ್ತಾರೆ, ಗಂಡ ಮುಖಪುಟ ನೋಡಿ ಇಡುತ್ತಾರೆ, ಕೊನೆಗೆ ಅದು ನನ್ನ ಕೈಗೆ ಬರುತ್ತದೆ. ನಾನು ಯಾವುದನ್ನೂ ಹಿಂದಿನ ಪುಟದಿಂದ ಓದುವವಳು. ಹಾಗಾಗಿ ನಿಮ್ಮ ಅಂಕಣವೇ ಮೊದಲು ಸಿಗುತ್ತದೆ. ಈರುಳ್ಳಿ ಹೆಚ್ಚಿದರೆ ಕಣ್ಣೀರು ಯಾಕೆ ಎಂದು ಹೋದ ತಿಂಗಳು ಬರೆದಿದ್ದಿರಿ. ನಮ್ಮ ಅಡುಗೆಮನೆಯಲ್ಲಿ ಮೂಟೆಗಟ್ಟಲೆ ಈರುಳ್ಳಿ ಹೆಚ್ಚುತ್ತಾರೆ. ನೀವು ಹೇಳಿದ ಹಾಗೆ ತಣ್ಣೀರಿನಲ್ಲಿ ಹಾಕಿಟ್ಟು ಹೆಚ್ಚಿ ನೋಡಿದೆವು, ಉರಿ ಸ್ವಲ್ಪ ಕಡಿಮೆಯಾಯಿತು. ಅಂದಿನಿಂದ ನಿಮ್ಮ ಮೇಲೆ ನಂಬಿಕೆ ಬಂದಿದೆ.

ನನ್ನ ಪ್ರಶ್ನೆಗಳು ಇವು. ಹಾಲು ಉಕ್ಕುತ್ತದೆ, ನೀರು ಯಾಕೆ ಉಕ್ಕುವುದಿಲ್ಲ? ಕಣ್ಣಿನ ರೆಪ್ಪೆ ತಾನಾಗಿಯೇ ಅದುರುವುದು ಯಾಕೆ?

ಇನ್ನೊಂದು ಉಂಟು. ಕೆಲವರಿಗೆ ದೇಹದ ಒಳಗಿನದೆಲ್ಲ ಉಲ್ಟಾ ಇರುತ್ತದಂತೆ, ಹೃದಯ ಬಲಗಡೆ, ಹೀಗೆ. ಹಾಗೆ ಹುಟ್ಟಿದವರು ಬದುಕುತ್ತಾರೆಯೇ? ಎಷ್ಟು ದಿನ?

ಈ ಮೂರನೆಯದನ್ನು ದಯವಿಟ್ಟು ಅಚ್ಚು ಹಾಕಬೇಡಿ. ಅಂಚೆಯಲ್ಲಿ ಉತ್ತರ ಕಳಿಸಿ. ಸಂಘದ ಲಕೋಟೆಯಾದರೆ ವಾರ್ಷಿಕ ಚಂದಾ, ಇಲ್ಲಿಯವರ ವರ್ಗಣಿ, ಅದರ ರಸೀದಿ ಎಂದುಕೊಂಡು ಯಾರೂ ಒಡೆಯುವುದಿಲ್ಲ.

ಇಂತು ನಿಮ್ಮ ಓದುಗರಲ್ಲೊಬ್ಬಳು,
ಶರಣ್ಯಾ

*

ಖಡಕಿ
೧೨ ಜುಲೈ ೨೦೨೫

ಚಿ. ಸೌ. ಶರಣ್ಯಾ ತಂಗಿಗೆ ಆಶೀರ್ವಾದಗಳು.

ಮೊದಲು ಹಾಲಿನ ವಿಚಾರ. ಕಾದ ಹಾಲಿನ ಮೇಲೆ ಕೆನೆಯ ಪದರು ಕಟ್ಟುತ್ತದೆ. ಕೆಳಗಿನ ಹಬೆಗೆ ದಾರಿ ಸಿಗದೆ ಆ ಪದರನ್ನೇ ಎತ್ತಿಕೊಂಡು ಮೇಲೆ ಬರುತ್ತದೆ. ನೀರಿಗೆ ಅಂಥ ಮುಚ್ಚಳವಿಲ್ಲ, ಹಬೆ ತನ್ನ ಪಾಡಿಗೆ ತಾನು ಹೋಗುತ್ತದೆ. ನನ್ನ ಹೆಂಡತಿ ಇದ್ದಾಗ ಇದಕ್ಕೆ ಬೇರೆ ಕಾರಣ ಕೊಡುತ್ತಿದ್ದಳು: “ನೀವು ಪೇಪರ್ ಹಿಡಕೊಂಡು ಕೂತ್ರ ಹಾಲು ಉಕ್ಕಲಾರದ ಏನ್ ಮಾಡ್ತದರಿ?” ಅದೂ ಸುಳ್ಳಲ್ಲ.

ರೆಪ್ಪೆ ಅದುರುವುದು ನಿದ್ದೆಗೇಡಿನಿಂದ, ಹೆಚ್ಚು ಚಹಾದಿಂದ, ಚಿಂತೆಯಿಂದ. ಹೆಂಗಸರಿಗೆ ಎಡಗಣ್ಣು ಹಾರಿದರೆ ಶುಭ ಎನ್ನುತ್ತಾರೆ. ಯಾವ ಕಣ್ಣು ಎಂದು ನೀನು ಬರೆದಿಲ್ಲ, ಆದ್ದರಿಂದ ಅದಕ್ಕೆ ನಾನು ಜವಾಬ್ದಾರನಲ್ಲ.

ಮೂರನೆಯದು. ಅಂಥವರು ಇದ್ದಾರೆ, ಬಹಳ ಅಪರೂಪ. ಅವರಲ್ಲಿ ಎಷ್ಟೋ ಜನ ನಮ್ಮ ನಿಮ್ಮ ಹಾಗೆಯೇ ಉಂಡುಟ್ಟು ಮುದುಕರಾಗುತ್ತಾರೆ. ಎಕ್ಸ್‌ರೇ ತೆಗೆಸುವವರೆಗೆ ಕೆಲವರಿಗೆ ತಮ್ಮ ಹೃದಯ ಬಲಗಡೆ ಇದೆ ಎಂದು ಗೊತ್ತೇ ಇರುವುದಿಲ್ಲ.

ತಂಗಿ, ನಾನು ಇಲ್ಲಿಯ ಮದ್ದುಗುಂಡಿನ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ನೌಕರಿ ಮುಗಿಸಿದವನು. ಹುಳುಕು ಹುಡುಕುವುದೇ ನನ್ನ ಹೊಟ್ಟೆಪಾಡಾಗಿತ್ತು. ನಿನ್ನ ಮೊದಲ ಎರಡು ಪ್ರಶ್ನೆಗಳ ಅಕ್ಷರ ದುಂಡಗಿದೆ. ಮೂರನೆಯದರಲ್ಲಿ ಪೆನ್ನು ಕಾಗದ ಹರಿಯುವಷ್ಟು ಒತ್ತಿದೆ. ಸುಮ್ಮನೆ ಕುತೂಹಲಕ್ಕೆ ಕೇಳುವವರು ಹೀಗೆ ಒತ್ತುವುದಿಲ್ಲ. ಯಾರಿಗೆ ಉಲ್ಟಾ? ಹೇಳಬೇಕೆನಿಸಿದರೆ ಹೇಳು, ಅಚ್ಚಿಗೆ ಹೋಗುವುದಿಲ್ಲ.

ನಿನ್ನ ಹಿತೈಷಿ,
ಪ್ರಲ್ಹಾದ ಹುದ್ದಾರ

*

ನಿಗಡಿ
೧೬ ಜುಲೈ ೨೦೨೫

ರಾಯರೇ,

ನನಗೆ ಈಗ ಏಳು ತಿಂಗಳು. ಉಲ್ಟಾ ಇರುವುದು ನನ್ನ ಮಗುವಿಗೆ.

ಈ ತಿಂಗಳ ಮೊದಲಿಗೆ ಅತ್ತೆ ನನ್ನನ್ನು ಸೋನೋಗ್ರಫಿಗೆ ಕರೆದುಕೊಂಡು ಹೋಗಿದ್ದರು. ಡಾಕ್ಟರು ಪರದೆಯನ್ನು ಎರಡೆರಡು ಸಲ ನೋಡಿದರು. ಆಮೇಲೆ ಅತ್ತೆಯ ಕಡೆ ತಿರುಗಿ “ಬಾಳ ಉಲ್ಟಾ ಆಹೇ” ಎಂದರು. ಅತ್ತೆಯ ಮುಖ ಇಳಿಯಿತು. ನನಗೆ ಮರಾಠಿ ಬರುವುದಿಲ್ಲ, ಆದರೆ ಶಾಲೆಯಲ್ಲಿ ಕಲಿತ ಹಿಂದಿಯಿಂದ ಉಲ್ಟಾ ಗೊತ್ತು. ಭಾಳ ಸಹ ಗೊತ್ತು. ನಮ್ಮಲ್ಲಿ ಚಟ್ನಿ ರುಬ್ಬುವ ಚಂದಮ್ಮ ಕಲಬುರಗಿ ಕಡೆಯವಳು. ಅವಳಿಗೆ ಎಲ್ಲವೂ ಭಾಳ. “ಭಾಳ ಬಿಸಿ ಅದರಿ ಅಕ್ಕಾರ, ಮುಟ್ಟಬ್ಯಾಡ್ರಿ.” “ನಿಮ್ಮ ಅತ್ತಿಯಾರು ಭಾಳ ಛಲೋ ಅದಾರ್ರಿ.” ನಾನು ಮದುವೆಯಾಗಿ ಕಾರ್ಕಳದಿಂದ ಬಂದ ಹೊಸತರಲ್ಲಿ ಅವಳಿಂದ ಕಲಿತ ಮೊದಲ ಮಾತೇ ಅದು, ನಮ್ಮ ಕಡೆ ತುಂಬ ಎನ್ನುವುದಕ್ಕೆ ಇಲ್ಲಿ ಭಾಳ ಎನ್ನುತ್ತಾರೆ ಅಂತ. ಅಂದರೆ ಡಾಕ್ಟರು ಹೇಳಿದ್ದು ತುಂಬ ಉಲ್ಟಾ ಎಂದು. ಸ್ವಲ್ಪವಾಗಿದ್ದರೆ ಭಾಳ ಅನ್ನುತ್ತಿದ್ದರೇ?

ರಿಕ್ಷಾದಲ್ಲಿ ಅತ್ತೆಯನ್ನು ಕೇಳಿದೆ, ಏನಂದರು ಎಂದು. “ಎಂಥ ಇಲ್ಲ ಮಾರಾಯ್ತಿ, ಎಲ್ಲ ಸರಿ ಉಂಟು” ಎಂದು ಹೊರಗೆ ನೋಡಿದರು. ಹೋದ ವರ್ಷವೂ ಹೀಗೇ ಹೇಳಿದ್ದರು. ಆಗ ನನಗೆ ನಾಲ್ಕು ತಿಂಗಳು. ಮಗು ಹೋಗಿದೆ ಎಂದು ಅತ್ತೆಗೆ ಗೊತ್ತಿತ್ತು, ಗಂಡನಿಗೆ ಗೊತ್ತಿತ್ತು, ಊರಲ್ಲಿದ್ದ ನನ್ನ ಅಮ್ಮನಿಗೂ ಫೋನಿನಲ್ಲಿ ಹೇಳಿಯಾಗಿತ್ತು. ನಾನೊಬ್ಬಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಎಳನೀರು ಕುಡಿಯುತ್ತ ಕೂತಿದ್ದೆ. ಎಲ್ಲರಿಗಿಂತ ಕೊನೆಗೆ ನನಗೆ ಹೇಳಿದರು. ಹಾಗಾಗಿ ಈಗ “ಎಲ್ಲ ಸರಿ ಉಂಟು” ಎಂದರೆ ಏನೋ ಸರಿ ಇಲ್ಲ ಎಂದೇ ನನಗೆ ಕೇಳುತ್ತದೆ.

ಮೊಬೈಲಿನಲ್ಲಿ ಒಳಗಿನದು ಉಲ್ಟಾ ಎಂದು ಹುಡುಕಿದೆ. ಹೃದಯ ಬಲಗಡೆ ಇರುವವರ ಚಿತ್ರ ಬಂತು. ಮುಂದೆ ಓದಲು ಧೈರ್ಯ ಬರಲಿಲ್ಲ. ನಿಮಗೆ ಫೋನ್ ಮಾಡಬಹುದಿತ್ತು, ಆದರೆ ನಮ್ಮ ಮನೆ ಹೋಟೆಲಿನ ಮೇಲೆಯೇ, ಜೋರಾಗಿ ಉಸಿರಾಡಿದರೂ ಕೆಳಗೆ ಕೇಳುತ್ತದೆ. ತವರಿಗೆ ಹೋಗೋಣವೆಂದರೆ ಹೋದ ಸಲದ ಕಾರಣಕ್ಕೆ ಡಾಕ್ಟರು ದೂರದ ಪ್ರಯಾಣ ಬೇಡ ಎಂದಿದ್ದಾರೆ.

ಮಗು ಮಾತ್ರ ಒದೆಯುತ್ತಿದೆ. ದೋಸೆ ಕಾವಲಿಗೆ ನೀರು ಚಿಮುಕಿಸಿದ ಸದ್ದಿಗೇ ಒದೆಯುತ್ತದೆ. ಅಷ್ಟು ಒದೆಯುವ ಮಗು ತುಂಬ ಉಲ್ಟಾ ಇರಲು ಸಾಧ್ಯವೇ? ನನಗೆ ಹೆದರಿಕೆಯಾಗುತ್ತಿದೆ ರಾಯರೇ. ನಿಜ ಹೇಳಿ. ಈ ಸಲ ನಾನು ಕೊನೆಯವಳಾಗಬಾರದು.

ಶರಣ್ಯಾ

*

ಖಡಕಿ
೧೯ ಜುಲೈ ೨೦೨೫

ಮಗಳೇ,

ಮೊದಲು ಉತ್ತರ, ಆಮೇಲೆ ಉಳಿದದ್ದು. ಮರಾಠಿಯಲ್ಲಿ ‘ಬಾಳ’ ಎಂದರೆ ಕೂಸು. ನಿನ್ನ ಚಂದಮ್ಮನ ‘ಭಾಳ’ ಅಲ್ಲ. ಡಾಕ್ಟರು ಹೇಳಿದ್ದು ಇಷ್ಟೇ: ಕೂಸು ಉಲ್ಟಾ ಇದೆ. ತಲೆ ಮೇಲೆ, ಕಾಲು ಕೆಳಗೆ. ಹೃದಯ ಎಲ್ಲಿರಬೇಕೋ ಅಲ್ಲೇ ಇದೆ.

ನಿನ್ನ ಕಾಗದ ಓದಿ ನಾನು ಒಬ್ಬನೇ ಎಷ್ಟು ಜೋರಾಗಿ ನಕ್ಕೆನೆಂದರೆ ಪಕ್ಕದ ಮನೆಯ ಹರ್ಷದಾ ಓಡಿ ಬಂದಳು. ಅವಳು ಎರಡು ಮಕ್ಕಳ ತಾಯಿ, ನನ್ನ ಅಂಕಣದ ಮೊದಲ ಶ್ರೋತೃ. ಬಂದ ಪ್ರಶ್ನೆಗಳನ್ನೆಲ್ಲ ಅವಳಿಗೆ ಮರಾಠಿ ಮಾಡಿ ಹೇಳುವುದು ನನ್ನ ರೂಢಿ. ಅವಳು ನಗಲಿಲ್ಲ. “ಬಿಚ್ಚಾರೀ” ಎಂದಳು, ಪಾಪದ ಹುಡುಗಿ ಎಂದು. ನನಗೂ ನಕ್ಕದ್ದಕ್ಕೆ ಕೆಡುಕೆನಿಸಿತು. ಏಳನೆಯ ತಿಂಗಳಲ್ಲಿ ಎಷ್ಟೋ ಕೂಸುಗಳು ಹಾಗೆಯೇ ಕೂತಿರುತ್ತವೆ, ದಿನ ತುಂಬುವುದರೊಳಗೆ ಬಹಳಷ್ಟು ತಾವಾಗಿ ತಿರುಗುತ್ತವೆ, ತಿರುಗದಿದ್ದರೆ ಡಾಕ್ಟರು ನೋಡಿಕೊಳ್ಳುತ್ತಾರೆ ಎಂದು ಹೇಳಿದವಳು ಅವಳೇ.

ನಿನ್ನ ಅತ್ತೆಯ ಮೇಲೆ ಸಿಟ್ಟಾಗಬೇಡ. ಆ ಹೆಣ್ಣುಮಗಳಿಗೆ ಹೆದರಿಕೆ ಇದೆ, ಕೆಟ್ಟತನ ಇದ್ದಂತಿಲ್ಲ. ಆದರೆ ಒಂದು ಮಾತು ಕಲಿತುಕೋ. ‘ಮ್ಹಣಜೇ ಕಾಯ?’ ಹಾಗಂದರೇನು ಎಂದು ಅರ್ಥ. ಧಾರವಾಡದಿಂದ ಬಂದ ಹೊಸತರಲ್ಲಿ ನಾನು ಈ ಒಂದೇ ಮಾತಿನ ಮೇಲೆ ಪುಣೆಯಲ್ಲಿ ಬದುಕಿದ್ದೇನೆ. ಡಾಕ್ಟರು ಏನೇ ಹೇಳಲಿ, ಅವರ ಮುಖ ನೋಡಿ ಕೇಳು. ಮತ್ತೆ ಹೇಳುತ್ತಾರೆ. ತಿಳಿಯದಿದ್ದರೆ ಮತ್ತೆ ಕೇಳು. ನಾನು ಎಲ್ಲದಕ್ಕೂ ಉತ್ತರ ಬಲ್ಲೆ ಎಂದು ಜನ ತಿಳಿದಿದ್ದಾರೆ. ನಿಜವಾಗಿ ನನಗೆ ಬರುವುದು ಈ ಪ್ರಶ್ನೆಯೊಂದೇ.

ಕಣ್ಣು ಅದುರುವುದು ನಿಂತಿತೇ ತಿಳಿಸು.

ಆಶೀರ್ವಾದಗಳೊಂದಿಗೆ,
ಪ್ರಲ್ಹಾದ

*

ನಿಗಡಿ
೨೮ ಆಗಸ್ಟ್ ೨೦೨೫

ಪ್ರೀತಿಯ ರಾಯರಿಗೆ,

ಬರೆಯದೆ ತಿಂಗಳಾಯಿತು. ಹೆದರಿಕೆ ಇದ್ದಾಗ ಅಂಚೆಪೆಟ್ಟಿಗೆಗೆ ಓಡುತ್ತೇನೆ, ಖುಷಿ ಇದ್ದಾಗ ಮರೆತುಬಿಡುತ್ತೇನೆ. ನಿಮ್ಮ ಕಾಗದ ಓದಿದ ದಿನ ಚಂದಮ್ಮನಿಗೆ ಹೇಳಿದೆ. ಅವಳು ರುಬ್ಬುವುದು ಬಿಟ್ಟು ನೆಲದ ಮೇಲೆ ಕೂತು ನಕ್ಕಳು. ಈಗ ಮಗುವನ್ನು ‘ಭಾಳ’ ಎಂದೇ ಕರೆಯುತ್ತಾಳೆ. “ಭಾಳಗ ಬೆಣ್ಣಿ ತಿನ್ನಸ್ರಿ ಅಕ್ಕಾರ.” ಕಣ್ಣು ಅದುರುವುದು ನಿಂತಿದೆ. ಸೀಮಂತ ಆಯಿತು, ಅಮ್ಮ ಬಂದು ಹೋದಳು. ಹಸಿರು ಬಳೆ ಮೊಣಕೈವರೆಗೆ ಇವೆ, ಬರೆಯುವಾಗ ಅವುಗಳದೇ ಸದ್ದು.

ಈ ಸೋಮವಾರ ಇನ್ನೊಂದು ಸೋನೋಗ್ರಫಿ ಇತ್ತು. ಗಣಪತಿಯ ಮುಂಚಿನ ಗಡಿಬಿಡಿ. ಅತ್ತೆಗೆ ಮೋದಕದ ಆರ್ಡರು, ಗಂಡ ಸುಹಾಸರಿಗೆ ಪುರುಸೊತ್ತಿಲ್ಲ, ಚಂದಮ್ಮನನ್ನು ಕರೆದುಕೊಂಡು ನಾನೇ ಹೋದೆ. ನಮ್ಮ ಡಾಕ್ಟರು ಹಬ್ಬಕ್ಕೆಂದು ಕೊಂಕಣಕ್ಕೆ ಹೋಗಿದ್ದಾರೆ, ಬೇರೆ ಯಾರೋ ನೋಡಿದರು. ಮಗು ಇನ್ನೂ ತಿರುಗಿಲ್ಲ. ಅವರು “ಪಾಣೀ ಕಮೀ ಆಹೇ, ದೋನ ದಿವಸಾಂನೀ ಪರತ ಯಾ” ಎಂದರು. ರಾಯರೇ, ನನಗೆ ಎಲ್ಲವೂ ಅರ್ಥವಾಯಿತು! ನೀರು ಕಡಿಮೆ ಇದೆ, ಎರಡು ದಿನ ಬಿಟ್ಟು ಮತ್ತೆ ಬನ್ನಿ. ನಿಮ್ಮ ‘ಮ್ಹಣಜೇ ಕಾಯ’ ಬೇಕಾಗಲೇ ಇಲ್ಲ. ಸೋನೋಗ್ರಫಿಗೆ ಮುಂಚೆ ಹೊಟ್ಟೆ ತುಂಬ ನೀರು ಕುಡಿಯಬೇಕು, ಇಲ್ಲವಾದರೆ ಚಿತ್ರ ಸರಿ ಬರುವುದಿಲ್ಲ ಎಂದು ಮೊದಲ ಸಲವೇ ಹೇಳಿದ್ದರು. ನಾನು ಆ ದಿನ ಕುಡಿದದ್ದು ಕಡಿಮೆಯೇ, ರಿಕ್ಷಾದಲ್ಲಿ ಅವಸರವಾದೀತೆಂದು. ಬೈಯಿಸಿಕೊಂಡದ್ದಕ್ಕೆ ನಾಚಿಕೆಯಾಯಿತು. ಈಗ ಚೊಂಬುಗಟ್ಟಲೆ ಕುಡಿಯುತ್ತಿದ್ದೇನೆ. ಹಬ್ಬದ ಗದ್ದಲದಲ್ಲಿ ಮತ್ತೆ ಆಸ್ಪತ್ರೆಗೆ ಬನ್ನಿ ಎಂದು ಯಾರನ್ನು ಕರೆಯಲಿ? ಗಣಪತಿ ಮುಳುಗಿದ ಮೇಲೆ ಹೋಗುತ್ತೇನೆ.

ಈಗ ಅಂಕಣಕ್ಕೆ ಪ್ರಶ್ನೆ. ಮನುಷ್ಯ ದಿನಕ್ಕೆ ಎಷ್ಟು ನೀರು ಕುಡಿಯಬೇಕು? ಒಂಟೆ ಬೆನ್ನಿನಲ್ಲಿ ನೀರು ಇಟ್ಟುಕೊಳ್ಳುವುದು ನಿಜವೇ? ನೀರಿನಲ್ಲಿ ಕೈ ಇಟ್ಟರೆ ಬೆರಳು ಸುಕ್ಕುಗಟ್ಟುವುದು ಯಾಕೆ?

ಮಗು ಈಗ ಜಾಣ ಆಗಿದೆ. ಮೊದಲಿನ ಹಾಗೆ ಒದೆಯುವುದಿಲ್ಲ, ದೋಸೆ ಕಾವಲಿಯ ಸದ್ದಿಗೂ ಸುಮ್ಮನಿರುತ್ತದೆ. ಹೊಟ್ಟೆಯೊಳಗೆ ಮಕ್ಕಳು ನಿದ್ದೆ ಮಾಡುತ್ತವೆಯೇ? ಇದು ನಾಲ್ಕನೆಯ ಪ್ರಶ್ನೆ.

ನಿಮ್ಮ,
ಶರಣ್ಯಾ

*

ಖಡಕಿ
೩೦ ಆಗಸ್ಟ್ ೨೦೨೫

ಮಗಳು ಶರಣ್ಯಾಗೆ ಆಶೀರ್ವಾದ.

ಒಂಟೆಯ ಮರ್ಯಾದೆ ಮೊದಲು ಉಳಿಸೋಣ. ಅದರ ಡುಬ್ಬದಲ್ಲಿ ಇರುವುದು ನೀರಲ್ಲ, ಕೊಬ್ಬು. ಶತಮಾನಗಳಿಂದ ಪಾಪದ ಪ್ರಾಣಿಯನ್ನು ಜನ ನೀರಿನ ಟ್ಯಾಂಕರು ಮಾಡಿಟ್ಟಿದ್ದಾರೆ. ಬೆರಳು ಸುಕ್ಕುಗಟ್ಟುವುದು ಚರ್ಮ ನೆನೆದು ಉಬ್ಬುವುದರಿಂದ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ನರಗಳು ಒಳಗಿನ ರಕ್ತನಾಳಗಳನ್ನು ಬಿಗಿ ಮಾಡುತ್ತವೆ, ಅದರಿಂದ ಮೇಲಿನ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತದೆ. ಒದ್ದೆ ಪಾತ್ರೆ ಕೈ ಜಾರದಿರಲಿ ಎಂದು ಇರಬಹುದು ಎನ್ನುತ್ತಾರೆ.

ನೀರಿಗೆ ಇಷ್ಟೇ ಎಂಬ ಅಳತೆಯಿಲ್ಲ. ಬಾಯಾರಿಕೆ ಹೇಳಿದಷ್ಟು ಕುಡಿ, ಎರಡು ಜೀವದವಳು ಒಂದು ಲೋಟ ಹೆಚ್ಚು ಕುಡಿ. ಚೊಂಬುಗಟ್ಟಲೆ ಬೇಡ, ಪುಣೆಯ ಅಣೆಕಟ್ಟಿನ ನೀರು ನಮ್ಮೆಲ್ಲರಿಗೂ ಸೇರಿದ್ದು. ಹೌದು, ಹೊಟ್ಟೆಯೊಳಗೆ ಕೂಸುಗಳು ಚೆನ್ನಾಗಿ ನಿದ್ದೆ ಮಾಡುತ್ತವೆ. ಅದು ಈಗಲೇ ಮಲಗಿಕೊಳ್ಳಲಿ, ಹೊರಗೆ ಬಂದ ಮೇಲೆ ನಿನ್ನನ್ನು ಮಲಗಗೊಡುವುದಿಲ್ಲ.

ನೀನು ಮರಾಠಿ ಕಲಿತದ್ದಕ್ಕೆ ಹರ್ಷದಾಳ ಮನೆಯಿಂದ ಒಂದು ಮೋದಕ ನಿನ್ನ ಹೆಸರಿನಲ್ಲಿ ನಾನೇ ತಿಂದೆ. ಅವಳಿಗೆ ಮನೆ ತುಂಬ ನೆಂಟರು, ಈ ಪ್ರಶ್ನೆಗಳನ್ನು ಗದ್ದಲ ಇಳಿದ ಮೇಲೆ ಹೇಳುತ್ತೇನೆ.

ನಿನ್ನ,
ಪ್ರಲ್ಹಾದ

*

ಆಸ್ಪತ್ರೆಯ ಬೆಂಚಿನ ಮೇಲಿಂದ
೧ ಸೆಪ್ಟೆಂಬರ್ ೨೦೨೫, ಮಧ್ಯಾಹ್ನ

ಮಗಳೇ ಶರಣ್ಯಾ,

ನಿನ್ನನ್ನು ಒಳಗೆ ಕರೆದೊಯ್ದಿದ್ದಾರೆ. ಬಾಗಿಲ ಮೇಲೆ ಕೆಂಪು ದೀಪ ಹತ್ತಿದೆ. ನಿನ್ನ ಅತ್ತೆ ಬಾಗಿಲ ಹತ್ತಿರ ನಿಂತಿದ್ದಾರೆ, ಕೂಡ್ರಿ ಎಂದರೆ ಕೂಡುತ್ತಿಲ್ಲ. ಸುಹಾಸ ಸಹಿ ಮಾಡಲು ಹೋಗಿದ್ದಾನೆ. ನನಗೆ ಏನು ಮಾಡಬೇಕೆಂದು ತಿಳಿಯುತ್ತಿಲ್ಲ, ಕಿಸೆಯಲ್ಲಿ ಪೆನ್ನಿತ್ತು, ಬರೆಯುತ್ತಿದ್ದೇನೆ. ಈ ಕಾಗದವನ್ನು ನಿನ್ನ ಕೈಗೆ ಕೊಡುವಂಥ ದಿನ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಬಂದರೆ ನಿನಗೆ ಎಲ್ಲವೂ ಗೊತ್ತಿರಲಿ, ಬೇರೆಯವರ ಬಾಯಿಂದ ಕೊನೆಗೆ ತಿಳಿಯುವುದು ಬೇಡ.

ಇಂದು ಮುಂಜಾನೆ ಹರ್ಷದಾ ಚಹಾ ತಂದಳು. ಒಂಟೆ, ಬೆರಳು ಎಲ್ಲ ಹೇಳಿ ನಗಿಸಿದೆ. ಆಮೇಲೆ ನಿನ್ನ ಸುದ್ದಿ ಹೇಳುತ್ತ, ಡಾಕ್ಟರ ಮಾತನ್ನು ಅವರು ಆಡಿದ ಹಾಗೆಯೇ ಹೇಳಿದೆ, ಪಾಣೀ ಕಮೀ ಆಹೇ. ಅವಳು ಕೈಯಲ್ಲಿದ್ದ ಚಹಾದ ಬಶಿಯನ್ನು ಕೆಳಗಿಟ್ಟಳು. “ಕಾಕಾ, ತೇ ಪಿಣ್ಯಾಚಂ ಪಾಣೀ ನಾಹೀ” ಎಂದಳು. ಅದು ಕುಡಿಯುವ ನೀರಲ್ಲ. ಕೂಸಿನ ಸುತ್ತ ಇರುವ ನೀರು. ಕೂಸು ತೇಲುವ ನೀರು. ಅದು ಕಡಿಮೆಯಾಗಿದೆ, ಅದಕ್ಕೇ ಎರಡು ದಿನದಲ್ಲಿ ಬಾ ಎಂದಿದ್ದಾರೆ. “ಬಾಳ ಹಲತಂಯ ನಾ?” ಎಂದು ಕೇಳಿದಳು, ಕೂಸು ಅಲುಗಾಡುತ್ತಿದೆ ತಾನೇ ಎಂದು. ನಾನು ನಿನ್ನ ಕಾಗದದ ಕೊನೆಯ ಸಾಲನ್ನು ಮರಾಠಿಗೆ ತಿರುಗಿಸಬೇಕಾಯಿತು. ಮಗು ಈಗ ಜಾಣ ಆಗಿದೆ. ಮೊದಲಿನ ಹಾಗೆ ಒದೆಯುವುದಿಲ್ಲ.

ಇಷ್ಟು ವರ್ಷ ಮರಾಠಿ ಮಾತಾಡಿದ್ದೇನೆ ಮಗಳೇ. ಕಾರ್ಖಾನೆಯ ಮರಾಠಿ, ತರಕಾರಿ ಮಂಡಿಯ ಮರಾಠಿ, ಗಂಡಸರ ಮರಾಠಿ. ನಮಗೆ ಮಕ್ಕಳಾಗಲಿಲ್ಲ. ಈ ನೀರಿನ ಮಾತು ನಮ್ಮ ಮನೆಯ ಹೊಸ್ತಿಲಿಗೆ ಬರಲೇ ಇಲ್ಲ.

ಹರ್ಷದಾ ಮೊಬೈಲಿನಲ್ಲಿ ಹೋಟೆಲಿನ ನಂಬರು ಹುಡುಕಿ ಮತ್ತೆ ಮತ್ತೆ ಹಚ್ಚಿದಳು, ಯಾರೂ ಎತ್ತಲಿಲ್ಲ. ರಿಕ್ಷಾ ಹಿಡಿದೆವು. ದಾರಿಯುದ್ದಕ್ಕೂ ಗಣಪತಿಯ ಮಂಟಪಗಳು, ಅರ್ಧ ರಸ್ತೆ ಅವಕ್ಕೇ ಹೋಗಿತ್ತು. ಪಿಂಪರಿಯಲ್ಲಿ ರಿಕ್ಷಾ ನಿಂತೇಬಿಟ್ಟಿತು, ಮುಂದೆ ಡೋಲು ಬಾರಿಸುತ್ತಿದ್ದರು. ದೇವರ ಮುಂದೆ ಕೂತು ನಾನು ದೇವರನ್ನೇ ಬೈದೆ. ನನಗೆ ಇಷ್ಟು ಭಯ ಎಂದೂ ಆಗಿರಲಿಲ್ಲ. ಮದ್ದು ತುಂಬಿದ ಕೋಣೆಗಳಲ್ಲಿ ದುಡಿದವನು ನಾನು, ಅಲ್ಲಿಯೂ ಆಗಿರಲಿಲ್ಲ.

ಹೋಟೆಲಿಗೆ ಬಂದರೆ ಗಲ್ಲಾದ ಮೇಲೆ ನನ್ನ ಶನಿವಾರದ ಲಕೋಟೆ ಇತ್ತು, ಇನ್ನೂ ಒಡೆದಿರಲಿಲ್ಲ. ‘ಅದು ಈಗಲೇ ಮಲಗಿಕೊಳ್ಳಲಿ’ ಎಂದು ಅದರೊಳಗೆ ನಾನು ಬರೆದಿದ್ದೆ. ನಿನ್ನ ಅತ್ತೆ “ವರ್ಗಣಿ ಕೊಟ್ಟಾಗಿದೆಯಲ್ಲ?” ಎಂದು ಕೇಳಿದರು. ಅಷ್ಟರಲ್ಲಿ ಹರ್ಷದಾ ಒಳಗೆ ನುಗ್ಗಿ ಹುಡುಗಿ ಎಲ್ಲಿ ಎಂದಳು. ಚಂದಮ್ಮ ಹೇಳಿದಳು, “ಸಣ್ಣಕ್ಕಾರು ಮ್ಯಾಲ ಮಲಗ್ಯಾರ್ರಿ. ಮುಂಜಾನಿಂದ ನೀರಾ ಕುಡ್ಯಾಕತ್ಯಾರ್ರಿ, ಬರೇ ನೀರು.”

ಅತ್ತೆ ಮೆಟ್ಟಿಲು ಹತ್ತಿದ್ದನ್ನು ನಾನು ನೋಡಿದೆ. ಒಂದು ಕಾಲಿನ ಚಪ್ಪಲಿ ಕೆಳಗೇ ಉಳಿಯಿತು. “ಯಾವಾಗ ಒದ್ದದ್ದು ಮಗಾ? ಕೊನೆಗೆ ಯಾವಾಗ ಒದ್ದದ್ದು?” ಎಂದು ಅವರು ಕೇಳುತ್ತಿದ್ದದ್ದು ಕೆಳಗಿನವರೆಗೆ ಕೇಳಿತು. ನೀನು ಹೇಳಿದ್ದು ಕೇಳಲಿಲ್ಲ. ಆಮೇಲೆ ಅವರು ಸುಹಾಸನನ್ನು ಕೂಗಿದ ದನಿ ಕೇಳಿ ಊಟಕ್ಕೆ ಕೂತವರೆಲ್ಲ ಎದ್ದು ನಿಂತರು.

ಈಗ ಇಲ್ಲಿ ಅವರು ನನ್ನ ಹತ್ತಿರ ಒಂದೇ ಮಾತಾಡಿದ್ದಾರೆ. “ಉಲ್ಟಾ ಉಂಟು ಅಂತ ಹೇಳಿದ್ರೆ ಹೆದರ್ತಾಳೆ ಅಂತ ನಾನು ಹೇಳ್ಲಿಲ್ಲ. ಅವಳು ಹೆದರಿಕೆಗೇ ನನ್ನನ್ನು ಕೇಳ್ಲಿಲ್ಲ.” ಕೂಸಿನ ಹೃದಯ ಬಡಿಯುತ್ತಿದೆ, ಆದರೆ ನಿಧಾನ ಎಂದು ಒಳಗೆ ಹೋಗುವಾಗ ಡಾಕ್ಟರು ಹೇಳಿದರು. ತಡ ಮಾಡುವಂತಿಲ್ಲ, ಕೊಯ್ದು ತೆಗೆಯಬೇಕು ಎಂದರು. ಎಷ್ಟು ನಿಧಾನ ಎಂದು ನಾನು ಕೇಳಲಿಲ್ಲ. ಎಲ್ಲರಿಗೂ ‘ಮ್ಹಣಜೇ ಕಾಯ’ ಕಲಿಸುವವನಿಗೆ ಈ ಹೊತ್ತು ಅದನ್ನು ಕೇಳುವ ಧೈರ್ಯ ಬರಲಿಲ್ಲ.

ದೀಪ ಇನ್ನೂ ಕೆಂಪಗೇ ಇದೆ. ಒಳಗಿಂದ ಯಾರೋ ಓಡಿ ಹೊರಗೆ ಬಂದರು, ಮತ್ತೆ ಓಡಿ ಒಳಗೆ ಹೋದರು. ಅತ್ತೆ

*

ನಿಗಡಿ
೧೯ ಸೆಪ್ಟೆಂಬರ್ ೨೦೨೫

ಪ್ರೀತಿಯ ಅಜ್ಜನಿಗೆ,

ನಿಮ್ಮ ಎರಡೂ ಕಾಗದ ಒಟ್ಟಿಗೆ ಓದಿದೆ. ಒಂಟೆಯದನ್ನು ಓದಿ ನಗು ಬಂತು, ಹೊಲಿಗೆ ನೋಯಿತು. ಇನ್ನೊಂದು ‘ಅತ್ತೆ’ ಎಂಬಲ್ಲಿಗೆ ನಿಂತಿದೆ. ಮುಂದಿನದನ್ನು ಅತ್ತೆಯೇ ಹೇಳಿದರು. ನರ್ಸು ಹೊರಗೆ ಬಂದಾಗ ಅವರು ಏನೂ ಕೇಳಲಾರದೆ ನಿಮ್ಮ ಅಂಗಿಯ ತೋಳು ಹಿಡಿದುಕೊಂಡರಂತೆ, ನಿಮ್ಮ ಪೆನ್ನು ಬಿತ್ತಂತೆ. ಒಳಗೆ ಮಗು ಅತ್ತದ್ದು ತಡವಾಗಿಯಂತೆ. ಎಷ್ಟು ತಡ ಎಂದು ಅತ್ತೆ ಈಗ ಮುಚ್ಚಿಡದೆ ಹೇಳಿದ್ದಾರೆ. ನಾನು ಅದನ್ನು ಇಲ್ಲಿ ಬರೆಯಲಾರೆ.

ಹೆಣ್ಣು. ನಿಮಗೆ ಗೊತ್ತೇ ಇದೆ. ಅಂಗೈ ಅಗಲದ ಎದೆ, ಹೃದಯ ಎಡಗಡೆಯೇ, ನಾನು ಕೇಳಿ ಖಚಿತ ಮಾಡಿಕೊಂಡೆ. ಇನ್ನೂ ಗಾಜಿನ ಪೆಟ್ಟಿಗೆಯಲ್ಲಿದ್ದಾಳೆ. ನನ್ನನ್ನು ಮನೆಗೆ ಕಳಿಸಿದರು, ಅವಳನ್ನು ಕಳಿಸಲಿಲ್ಲ. ಅತ್ತೆ, ನಾನು ದಿನಾ ಹೋಗಿ ಬರುತ್ತೇವೆ. ಫೋನ್ ರಿಂಗಾದರೆ ಈಗಲೂ ಆಸ್ಪತ್ರೆಯದೇ ಎಂದುಕೊಂಡು ಓಡುತ್ತೇನೆ. ಹೆದರಿಕೆ ಹೋಗಿಲ್ಲ ಅಜ್ಜ, ಒಬ್ಬಳೇ ಹೆದರುವುದು ಮಾತ್ರ ಹೋಗಿದೆ. ರಿಕ್ಷಾದಲ್ಲಿ ನಾವಿಬ್ಬರೂ ಹೆದರಿಕೊಂಡೇ ಕೂತಿರುತ್ತೇವೆ, ಕೈ ಹಿಡಿದುಕೊಂಡು.

ನಿನ್ನೆ ನಾವು ಹೋದಾಗ ಬಾಗಿಲಲ್ಲೇ ನರ್ಸು ಎದುರಾಗಿ ಗಡಬಡಿಸಿ ಏನೋ ಹೇಳಿದಳು. “ಬಾಳ” ಎಂದದ್ದು ತಿಳಿಯಿತು. “ದೂಧ” ಎಂದದ್ದು ತಿಳಿಯಿತು. ನಡುವೆ ಇನ್ನೇನೋ ಇತ್ತು, ಅದು ತಿಳಿಯಲಿಲ್ಲ. ಅತ್ತೆ ಬಾಯಿ ತೆರೆದರು. ನಾನು ಅವರ ಕೈ ಅದುಮಿ, ನರ್ಸಿನ ಮುಖ ನೋಡಿ ಕೇಳಿದೆ, ಮ್ಹಣಜೇ ಕಾಯ? ಅವಳು ನಿಧಾನವಾಗಿ ಮತ್ತೆ ಹೇಳಿದಳು. “ಬಾಳ ಸ್ವತಃ ದೂಧ ಓಢತಂಯ.” ಆಗಲೂ ಕೊನೆಯ ಮಾತು ತಿಳಿಯಲಿಲ್ಲ. ಮತ್ತೆ ಕೇಳಿದೆ.

ಅವಳಿಗೆ ಬೇರೆ ದಾರಿ ತೋಚಲಿಲ್ಲ. ಅಷ್ಟು ಜನರ ನಡುವೆ ತುಟಿ ಮುಂದೆ ಮಾಡಿ, ಕೆನ್ನೆ ಒಳಗೆಳೆದುಕೊಂಡು, ಚೀಪಿ ತೋರಿಸಿದಳು.

ನಾನು ಅತ್ತೆಯ ಕಡೆ ತಿರುಗಿ ಹೇಳಿದೆ, “ಅತ್ತೇ, ಮಗು ತಾನೇ ಹಾಲು ಎಳಿತಾ ಉಂಟಂತೆ.” ಮೂವತ್ತು ವರ್ಷದಿಂದ ಪುಣೆಯಲ್ಲಿ ಮರಾಠಿ ಮಾತಾಡುವ ನನ್ನ ಅತ್ತೆ, ಮೊದಲ ಸಲ ಕೇಳುತ್ತಿರುವವರ ಹಾಗೆ, “ಹೌದಾ ಮಗಾ?” ಎಂದರು.

ನಿಮ್ಮ ಮೊಮ್ಮಗಳು,
ಶರಣ್ಯಾ